ಕಿವಿಯಲ್ಲಿ ತಿದ್ದಿದ ಪ್ರಶ್ನೆಪತ್ರಿಕೆ

"ಫೆಮಿನಿನ್ ಆರ್ಡಿನಲ್, ಎ ಗ್ರೇವ್, ಎ ಅಮ್ಲಾಟ್, ಎ, ಕ್ಯೂ, ಎ ಗ್ರೇವ್, ಎ ರಿಂಗ್."

ಮನುಷ್ಯರ ಬಾಯಲ್ಲಿ ಹೊರಡದ ವೇಗದಲ್ಲಿ, ಮೂಗಿನಿಂದ ಮಾತಾಡುವ ಒಂದು ಯಂತ್ರದ ದನಿ ಇದನ್ನು ಹೇಳುತ್ತಿತ್ತು. ಮಂಡ್ಯದ ನಮ್ಮ ಆಫೀಸಿನ ಕಿಟಕಿ ಪಕ್ಕದ ಮೂಲೆಯಲ್ಲಿ ಬೆಳಗ್ಗೆ ಶುರುವಾದರೆ ಊಟದ ಹೊತ್ತಿನ ತನಕ ಬಿಡುವಿಲ್ಲ. ಮಕ್ಕಳ ಟಿ.ಸಿ. ಕೇಳಲು ಬಂದ ಪೋಷಕರು ಕತ್ತು ಉದ್ದ ಮಾಡಿ ಅತ್ತ ನೋಡುತ್ತಿದ್ದರು. ಒಬ್ಬರಂತೂ "ಸ್ಟೇಸನ್ ಸರಿಯಾಗಿ ಸಿಗ್ತಿಲ್ಲ ಕಣಮ್ಮ, ಒಸಿ ಮುಳ್ಳು ತಿರುಗ್ಸಿ" ಎಂದು ನನಗೆ ಅಡ್ವೈಸ್ ಕೊಟ್ಟು ಹೋದರು.

ಅದು ರೇಡಿಯೋ ಅಲ್ಲ. ಅಷ್ಟೂ ಸೇರಿದರೆ "ಮಂಡ್ಯ" ಎಂಬ ಒಂದು ಪದ.

ಇದನ್ನು ಸ್ವಲ್ಪ ಎಕ್ಸ್‌ಪ್ಲೇನ್ ಮಾಡಬೇಕು. ನಮ್ಮ ಟ್ರಸ್ಟಿಗೆ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಒಂದೊಂದು ಶಾಲೆ. ಎಲ್ಲಕ್ಕೂ ಪ್ರಶ್ನೆಪತ್ರಿಕೆ ತಯಾರಾಗುತ್ತಿದ್ದದ್ದು ಮಂಡ್ಯದ ಎಕ್ಸಾಮ್ ಸೆಕ್ಷನ್ನಿನಲ್ಲಿ. ಅದರ ಇನ್‌ಚಾರ್ಜ್ ನಾನು. ಇಂಗ್ಲಿಷ್ ಪಾಠ ಮಾಡಿ ರಿಟೈರಾದ ಮೇಲೂ ಅಲ್ಲೇ ಉಳಿದಿದ್ದೆ, ಎಲ್ಲರ ಬಾಯಲ್ಲೂ ಇನ್ನೂ "ಮಿಸ್" ಆಗಿಯೇ. ಮೂಲೆಯಲ್ಲಿ ಕೂರುತ್ತಿದ್ದವರು ನಮ್ಮ ಪ್ರೂಫ್ ರೀಡರ್. ಮದ್ದೂರಿನಿಂದಾಚೆಯ ಸೋಮನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ, ನಲವತ್ತರ ಆಸುಪಾಸಿನ, ಹುಟ್ಟಿನಿಂದ ಕಣ್ಣು ಕಾಣದ ಮನುಷ್ಯ. ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದು ಅವರ ಕಂಪ್ಯೂಟರಿನಲ್ಲಿತ್ತು. ಆದರೆ ನಾವು ಬಳಸುತ್ತಿದ್ದ ಹಳೆಯ ಕನ್ನಡ ಫಾಂಟು ಒಳಗಿನಿಂದ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಯೂರೋಪಿನ ಚಿಹ್ನೆಗಳಿಗೂ ಕನ್ನಡದ ವೇಷ ಹಾಕಿಸಿದ್ದು, ಅಷ್ಟೆ. ನಮ್ಮ ಕಣ್ಣಿಗೆ ವೇಷ ಕಾಣುತ್ತದೆ. ಯಂತ್ರ ವೇಷ ನೋಡುವುದಿಲ್ಲ, ಒಳಗಿರುವವರ ಹೆಸರು ಹಿಡಿದು ಕರೆಯುತ್ತದೆ.

ಆ ಹೆಸರುಗಳನ್ನು ವರ್ಷಗಟ್ಟಲೆ ಕೇಳಿ ಕೇಳಿ, ಅವುಗಳಿಂದಲೇ ಕನ್ನಡ ಓದುವುದನ್ನು ಅವರು ರೂಢಿ ಮಾಡಿಕೊಂಡಿದ್ದರು. ಯಾರೂ ಕಲಿಸಿದ್ದಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಮಾತಿನಲ್ಲಿ ಹಕಾರ ಅವರ ನಾಲಗೆಗೆ ಬಂದದ್ದೇ ಇಲ್ಲ. ಅಚ್ಚಿನಲ್ಲಿ ಒಂದು ಹಕಾರ ಬಿಟ್ಟುಹೋದರೆ ಮಾತ್ರ ಕೀಬೋರ್ಡಿನ ಮೇಲೆ ಕೈ ಥಟ್ಟನೆ ನಿಲ್ಲುತ್ತಿತ್ತು. ಇಯರ್‌ಫೋನ್ ಹಾಕಿದರೆ ಕಿವಿ ಬೆವರುತ್ತದೆಂದು ಸ್ಪೀಕರಿನಲ್ಲೇ ಕೇಳುವುದು ಅವರ ಅಭ್ಯಾಸ. ಕಾನ್ಫಿಡೆನ್ಷಿಯಲ್ ಕೆಲಸ ಅಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಕೇಳುಸ್ಕಳ್ಳಿ ಬುಡಿ ಮಿಸ್, ಯಾರಿಗ್ ಅರ್ಥಾಯ್ತದೆ? ನನ್ನೂ ಈ ಮಿಸೀನ್ನೂ ಬುಟ್ರೆ ಇದು ಇನ್ಯಾರ ಬಾಸೆನೂ ಅಲ್ಲ" ಎಂದಿದ್ದರು.

ಗಣೇಶನ ಹಬ್ಬ ಮುಗಿದ ವಾರ ಟ್ರಸ್ಟಿನ ಸೆಕ್ರೆಟರಿಯವರು ಆಫೀಸ್ ಸಾಫ್ಟ್‌ವೇರನ್ನು ಹೊಸ ವರ್ಷನ್ನಿಗೆ ಬದಲಾಯಿಸಲು ತೀರ್ಮಾನಿಸಿದರು. ಕಾರಣ ಇಲ್ಲದೆ ಅಲ್ಲ. ಮದ್ದೂರು, ಮಳವಳ್ಳಿಯ ಟೀಚರುಗಳು ಮನೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಕಳಿಸಿದ್ದು ನಮ್ಮಲ್ಲಿ ತೆರೆಯುತ್ತಿರಲಿಲ್ಲ. ನಾವು ಕಳಿಸಿದ್ದು ಅವರಲ್ಲಿ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಇನ್ನು ಮೇಲೆ ಎಲ್ಲವೂ ಯೂನಿಕೋಡ್, ಅಂದರೆ ವೇಷವಿಲ್ಲದ ಕನ್ನಡ, ಎಂದರು. ದಸರಾ ರಜೆಗೆ ಮುಂಚೆ ಅರ್ಧವಾರ್ಷಿಕ ಪರೀಕ್ಷೆ ಇತ್ತು. ಅಷ್ಟರೊಳಗೆ ಅಷ್ಟೂ ಪತ್ರಿಕೆಗಳು ಹೊಸತರಲ್ಲಿ ಸಿದ್ಧವಾಗಬೇಕು.

ಶನಿವಾರ ಪೇಟೆಬೀದಿಯ ಕಂಪ್ಯೂಟರ್ ಅಂಗಡಿಯ ಎಂಜಿನಿಯರ್ ಬಂದು ಎಲ್ಲ ಮಿಷನ್ನುಗಳಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರು. ಸೌಮ್ಯ ಸ್ವಭಾವದ ಸಾಬರು. ಕೆಲಸ ಮುಗಿಸಿ, ತಾವು ಬಿಚ್ಚಿದ ಪ್ಯಾಕಿಂಗ್ ಕಸವನ್ನೆಲ್ಲ ತಾವೇ ಗುಡಿಸಿ ಹೋದರು.

ಸೋಮವಾರ ನಾನು ನನ್ನ ಕಂಪ್ಯೂಟರ್ ತೆರೆದೆ. ಫೈಲ್, ಎಡಿಟ್, ವ್ಯೂ ಎಂದು ಸಾಲಾಗಿ ಇದ್ದ ಮೆನುಗಳು ಇಲ್ಲ. ಆ ಜಾಗದಲ್ಲಿ ಅಗಲವಾದ ಒಂದು ಪಟ್ಟಿ, ಅದರ ತುಂಬ ಸಣ್ಣ ಸಣ್ಣ ಚಿತ್ರಗಳು. ಕಾನ್ವೆಂಟಿನಲ್ಲಿ ನಮ್ಮ ಡೆಸ್ಕಿನೊಳಗೆ ಸ್ಕೇಲು ಎಲ್ಲಿರಬೇಕು, ಇರೇಸರ್ ಎಲ್ಲಿರಬೇಕು ಎಂದು ಸಿಸ್ಟರ್ ಬಂದು ಇನ್‌ಸ್ಪೆಕ್ಟ್ ಮಾಡುತ್ತಿದ್ದರು. ಹಾಗೆ ಬೆಳೆದವಳಿಗೆ, ಯಾರೋ ನನ್ನ ಡೆಸ್ಕನ್ನು ಬೋರಲು ಹಾಕಿ ಕೊಡವಿ ಹೋದಂತೆ ಕಂಡಿತು. ಪ್ರಿಂಟ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಕಾಫಿ ಆರಿಹೋಯಿತು.

ಅದು ಅಭ್ಯಾಸದ ಮಾತು, ಸರಿಹೋಗುತ್ತದೆ. ಉಳಿದದ್ದು ಹಾಗಲ್ಲ. ನಾಲ್ಕು ಪುಟದ ಪತ್ರಿಕೆ ಐದನೆಯ ಪುಟಕ್ಕೆ ಒಂದೇ ಒಂದು ಸಾಲು ಚೆಲ್ಲಿಕೊಂಡಿತ್ತು. ಅಂಕಗಳ ಟೋಟಲ್ ತಾನಾಗಿ ಬರಲೆಂದು ನಾನೇ ಹಿಂದೆ ಬರೆದಿದ್ದ ಮ್ಯಾಕ್ರೋವನ್ನು ಸೆಕ್ಯುರಿಟಿ ಹೆಸರಿನಲ್ಲಿ ತಡೆಹಿಡಿದು ಹಳದಿ ಪಟ್ಟಿಯೊಂದು ಕೂತಿತ್ತು. ಗಣಿತದ್ದು ಇನ್ನೂ ಕಷ್ಟ. ಭಿನ್ನರಾಶಿ, ವರ್ಗಮೂಲ ಬರೆಯಲು ಬಳಸಿದ್ದ ಹಳೆಯ ಈಕ್ವೇಶನ್ ಎಡಿಟರನ್ನೇ ಹೊಸ ವರ್ಷನ್ನಿನಿಂದ ತೆಗೆದುಹಾಕಿದ್ದರು. ಸಮೀಕರಣಗಳೆಲ್ಲ ಕಾಣುತ್ತವೆ, ತಿದ್ದಲು ಹೋದರೆ ಕೈಗೆ ಸಿಗುವುದಿಲ್ಲ.

ಇದರ ನಡುವೆ ಮೂಲೆಯಿಂದ ಸದ್ದೇ ಇಲ್ಲ ಎನ್ನುವುದು ನನಗೆ ತಡವಾಗಿ ಗಮನಕ್ಕೆ ಬಂತು.

"ಮಿಸ್, ಇದು ಮೂಗಾಗೋಯ್ತಲ್ಲ."

"ಸ್ಪೀಕರ್ ಆನ್ ಇದೆಯಾ ನೋಡಿ."

"ಸ್ಪೀಕರ್‌ಗೇನಾಗದೆ? ಇಂಗ್ಲೀಸ್ ಪತ್ರಿಕೆ ತಗುದ್ರೆ ಚೆಂದಾಗಿ ಮಾತಾಡ್ತದೆ. ಕನ್ನಡ ಬಂದೇಟ್ಗೆ ಬಾಯ್ ಮುಚ್ಕತದೆ."

ಕಾರಣ ಆಮೇಲೆ ತಿಳಿಯಿತು. ಅವರು ತೆರೆದದ್ದು ಮದ್ದೂರಿನವರು ಯೂನಿಕೋಡಿನಲ್ಲಿ ಕಳಿಸಿದ್ದ ಪತ್ರಿಕೆ. ಆ ಇಂಗ್ಲಿಷ್ ದನಿಗೆ ಎ ಗ್ರೇವ್ ಗೊತ್ತು, ನಿಜವಾದ ಕನ್ನಡ ಗೊತ್ತಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಅದು ಸುಮ್ಮನಿರುತ್ತದೆ.

ಎಂಜಿನಿಯರನ್ನು ಮತ್ತೆ ಕರೆಸಿದೆ. ಅವರು ಕನ್ನಡದ ದನಿಯೊಂದನ್ನು ಹುಡುಕಿ ಹಾಕಿ, "ಈಗ ಕೇಳಿ ಮೇಡಂ" ಎಂದು ಹತ್ತನೆಯ ತರಗತಿಯ ವಿಜ್ಞಾನ ಪತ್ರಿಕೆ ತೆರೆದು ಬಟನ್ ಒತ್ತಿದರು. ಹೆಂಗಸಿನ ದನಿ. ನಿಧಾನ, ಸ್ಪಷ್ಟ, ಫುಲ್ ವಾಲ್ಯೂಮ್. "ಒಂದು. ದ್ಯುತಿಸಂಶ್ಲೇಷಣೆ ಎಂದರೇನು?" ವರಾಂಡದಲ್ಲಿ ಬಸ್ ಪಾಸಿನ ಅರ್ಜಿಗೆ ಸೀಲು ಹಾಕಿಸಿಕೊಳ್ಳಲು ಹತ್ತನೆಯ ತರಗತಿಯ ಮಕ್ಕಳೇ ಸಾಲಾಗಿ ನಿಂತಿದ್ದರು. ಅಷ್ಟು ಶಿಸ್ತಿನ ಮೌನವನ್ನು ನಾನು ತರಗತಿಯಲ್ಲಿ ಎಂದೂ ಕಂಡಿರಲಿಲ್ಲ. ಎರಡನೆಯ ಪ್ರಶ್ನೆ ಮುಗಿಯುವುದರೊಳಗೆ ಪ್ಲಗ್ ಕಿತ್ತೆ. ಆ ಪತ್ರಿಕೆಯನ್ನು ಬೇರೆಯಾಗಿ ಬರೆಸಬೇಕಾಯಿತು.

"ಆಯಮ್ಮನ ಬಾಯಲ್ಲಿ ಗುಟ್ಟು ನಿಲ್ಲಾಕಿಲ್ಲ ಕಣ್ ಮಿಸ್" ಎಂದರು ನಮ್ಮ ಪ್ರೂಫ್ ರೀಡರ್. ಅಂದಿನಿಂದ ಕಿವಿ ಬೆವರಿದರೂ ಇಯರ್‌ಫೋನ್ ಹಾಕಿಕೊಳ್ಳಬೇಕಾಯಿತು.

ತಮಾಷೆ ಅಲ್ಲಿಗೆ ಮುಗಿಯಿತು. ಹೊಸ ದನಿ ಅವರ ಕಿವಿಗೆ ಹೊಂದಲಿಲ್ಲ. ಹಿಂದಿನದು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತಿತ್ತು, ಇದು ಪದವನ್ನು ಇಡಿಯಾಗಿ ನುಂಗಿ ಉಗುಳುತ್ತದೆ. ವೇಗ ಹೆಚ್ಚಿಸಿದರೆ ಅವರಿಗೆ ತಿಳಿಯುವುದಿಲ್ಲ, ಇಳಿಸಿದರೆ ಕೆಲಸ ಸಾಗುವುದಿಲ್ಲ. ಬೆಳಗ್ಗೆ ತೆಗೆದುಕೊಂಡ ಪತ್ರಿಕೆಯನ್ನು ಊಟಕ್ಕೆ ಮುಂಚೆ ಮುಗಿಸುತ್ತಿದ್ದವರು ಸಂಜೆಯಾದರೂ ಅದೇ ಪುಟದಲ್ಲಿರುತ್ತಿದ್ದರು. ಅವರ ಮೆನು ದಾರಿಗಳೂ ಬದಲಾಗಿದ್ದವು. ನನಗಾದರೆ ಚಿತ್ರಗಳು ಕಾಣುತ್ತವೆ. ಅವರು ಹಳೆಯ ಕೀಲಿಗಳನ್ನು ಬೆರಳಿನ ನೆನಪಿನಿಂದ ಒತ್ತಿ, ಎಲ್ಲಿಗೆ ಬಂದೆನೆಂದು ತಿಳಿಯದೆ, ಎಸ್ಕೇಪ್ ಒತ್ತಿ ವಾಪಸ್ ಬರುತ್ತಿದ್ದರು. ಆಗ ಹತ್ತಿರ ಹೋದರೆ ಸಿಡುಕುತ್ತಿದ್ದರು. ನಾನು ಹೋಗುವುದನ್ನು ಬಿಟ್ಟೆ.

ಪ್ರತಿ ವರ್ಷದ ಪತ್ರಿಕೆಯನ್ನೂ ಹಳೆಯ ಫೈಲುಗಳಲ್ಲೇ ತಿದ್ದಿ ಮಾಡಿಕೊಳ್ಳುವುದು ನಮ್ಮ ಪದ್ಧತಿ. ಅವನ್ನು ಯೂನಿಕೋಡಿಗೆ ಬದಲಿಸಲು ಎಂಜಿನಿಯರ್ ಒಂದು ಕನ್ವರ್ಟರ್ ಕೊಟ್ಟಿದ್ದರು. ಅದು ಮಾಡಿದ ಕೆಲಸವೇ ಬೇರೆ. ಇಂಗ್ಲಿಷ್ ಅಕ್ಷರ ಕಂಡಲ್ಲೆಲ್ಲ ಅದನ್ನು ವೇಷ ಹಾಕಿದ ಕನ್ನಡ ಎಂದೇ ತಿಳಿದು, ನಿಜವಾದ ಇಂಗ್ಲಿಷನ್ನೂ ಕನ್ನಡ ಮಾಡಿಟ್ಟಿತು. ವಿಜ್ಞಾನದಲ್ಲಿ ನೀರಿನ ಫಾರ್ಮುಲಾ "ಊ2ಔ" ಆಯಿತು.

"ನೀರು ಕೊಡವ್ವ ಅಂದ್ರೆ ಊಳಿಡ್ತಾಳೆ ಮಿಸ್ ಈಯಮ್ಮ" ಎಂದರು. ನಕ್ಕೆವು. ಇಂಥದ್ದನ್ನು ಒಂದೊಂದಾಗಿ ಹುಡುಕಿ ತಿದ್ದುತ್ತ ಹೋದೆವು.

ಸೆಕ್ರೆಟರಿಯವರು ಬಂದು ಕುರ್ಚಿ ಎಳೆದುಕೊಂಡು ಕೂತದ್ದು ಆ ವಾರವೇ. ಒರಟು ಮಾತು, ಕೆಟ್ಟ ಮನುಷ್ಯರಲ್ಲ.

"ನೋಡಿ ಮಿಸ್ಸು, ಅವರಿಗೂ ಕಷ್ಟ, ನಮಗೂ ಕಷ್ಟ. ಅವರ ಕಾಂಟ್ರಾಕ್ಟು ದಸರಾಕ್ಕೆ ಮುಗೀತದೆ. ಈ ಪರೀಕ್ಷೆ ಪತ್ರಿಕೆ ಅವರ ಕೈಲಾದ್ರೆ ಸರಿ, ಇದೇ ಕೆಲಸ ಮುಂದುವರೀಲಿ. ಆಗ್ನಿಲ್ವಾ, ಮದ್ದೂರು ಸ್ಕೂಲಲ್ಲಿ ಪೋನ್ ತಗಳಕ್ಕೆ ಜನ ಇಲ್ಲ, ಅಲ್ಲಿಗ್ ಆಕ್ತೀನಿ. ಪ್ರೂಫು ಟೀಚರುಗಳೇ ನೋಡ್ಕತಾರೆ."

ಮೂಲೆ ದೂರವಿರಲಿಲ್ಲ. ಅವರು ಹೋದ ಮೇಲೆ ನಮ್ಮ ಪ್ರೂಫ್ ರೀಡರ್ ಇಯರ್‌ಫೋನ್ ತೆಗೆದರು.

"ಪೋನ್ ಎತ್ತಿ ನಮಸ್ಕಾರ ಅನ್ನಾಕೆ ನಾನ್ಯಾಕ್ ಮಿಸ್? ಒಂದು ಗಿಣಿ ತಂದು ಕೂರ್ಸಕ್ಕೇಳಿ. ಅದಕ್ಕೆ ಬಸ್ ಚಾರ್ಜೂ ಬ್ಯಾಡ."

ಅವರು ಮತ್ತೆ ಇಯರ್‌ಫೋನ್ ಹಾಕಿಕೊಂಡರು. ಅಂದು ಅವರು ತಂದಿದ್ದ ಮುದ್ದೆಯ ಡಬ್ಬಿ ಹಾಗೇ ವಾಪಸ್ ಹೋಯಿತು.

ಅರ್ಧವಾರ್ಷಿಕಕ್ಕೆ ಮುಂಚೆ ಎಂಟನೆಯ ತರಗತಿಗೆ ಒಂದು ಕಿರುಪರೀಕ್ಷೆ ಇತ್ತು. ಅದರ ವಿಜ್ಞಾನ ಪತ್ರಿಕೆಯನ್ನು ಕನ್ವರ್ಟ್ ಮಾಡಿ, ತಿದ್ದಿ, ಅವರಿಂದ ಪ್ರೂಫ್ ನೋಡಿಸಿ ಕಳಿಸಿದೆವು. ಪರೀಕ್ಷೆಯ ದಿನ ಮಳವಳ್ಳಿಯ ಹೆಡ್ಮಿಸ್ಟ್ರೆಸ್ ಫೋನ್ ಮಾಡಿದರು.

"ಮಿಸ್, ಹೊಂದಿಸಿ ಬರೆಯಿರಿಯಲ್ಲಿ ಇದೇನು 'ಅಔ2' ಅಂತ ಇದೆ? ಮಕ್ಕಳು ನನ್ನ ಮುಖ ನೋಡ್ತಾ ಕೂತಿದ್ದಾವೆ. ಒಬ್ಬ ಅದನ್ನೂ ಗೆರೆ ಎಳೆದು ಯಾವುದಕ್ಕೋ ಸೇರಿಸಿಬಿಟ್ಟಿದ್ದಾನೆ."

ಕಾರ್ಬನ್ ಡೈ ಆಕ್ಸೈಡ್ ಎಂದು ನಾನು ಫೋನಿನಲ್ಲೇ ಹೇಳಿ ಬೋರ್ಡಿನ ಮೇಲೆ ಬರೆಸಿದೆ.

ಆಮೇಲೆ ನಮ್ಮ ಪ್ರೂಫ್ ರೀಡರ್ ಪಕ್ಕ ಕೂತು ಆ ಪತ್ರಿಕೆಯನ್ನು ಮೊದಲಿನಿಂದ ಓದಿಸಿದೆ. ಇಯರ್‌ಫೋನಿನ ಒಂದು ಕಡೆ ಅವರ ಕಿವಿಯಲ್ಲಿ, ಇನ್ನೊಂದು ಕಡೆ ನನ್ನ ಕಿವಿಯಲ್ಲಿ. ನನ್ನ ಕಣ್ಣು ತೆರೆಯ ಮೇಲೆ. ಎಡಗಡೆಯ ಸಾಲನ್ನು ಯಂತ್ರದ ಹೆಂಗಸು ಓದಿದಳು. ಬಲಗಡೆಯದನ್ನು ಓದದೆ ಮುಂದಿನ ಪ್ರಶ್ನೆಗೆ ಹೋದಳು. ಮತ್ತೆ ಓದಿಸಿದೆ, ಮತ್ತೆ ಹಾಗೇ. ನಮ್ಮ ಪತ್ರಿಕೆಗಳಲ್ಲಿ ಬಲಗಡೆಯ ಸಾಲನ್ನು ಚೆಂದ ಕಾಣಲೆಂದು ಒಂದು ಚೌಕಟ್ಟಿನ ಡಬ್ಬಿಯೊಳಗೆ ಇಡುವ ಪದ್ಧತಿ. ಆ ಡಬ್ಬಿ ಪುಟದ ಮೇಲೆ ತೇಲುತ್ತಿರುತ್ತದೆ, ಸಾಲಿಗೆ ಸೇರಿದ್ದಲ್ಲ. ಹಳೆಯ ವರ್ಷನ್ನಿನಲ್ಲಿ ಅದರೊಳಗೆ ಇಳಿಯಲು ಅವರಿಗೆ ಒಂದು ಕೀಲಿ ಗೊತ್ತಿತ್ತು. ಹೊಸತರಲ್ಲಿ ಡಬ್ಬಿ ಇದೆ ಎನ್ನುವುದನ್ನೇ ದನಿ ಹೇಳುತ್ತಿರಲಿಲ್ಲ.

"ಅಲ್ಲೊಂದು ಡಬ್ಬಿ ಇತ್ತಾ?" ಎಂದು ಕೇಳಿದರು.

"ಇತ್ತು."

"ಬೇರೆ ಪತ್ರಿಕೆಗಳಲ್ಲೂ?"

"ಎಲ್ಲದರಲ್ಲೂ."

ಅವರು ಕೀಬೋರ್ಡಿನ ಅಂಚು ಸವರಿದರು. "ಅಂಗಾದ್ರೆ ನಾನ್ ನೋಡಿ ಸರಿಗದೆ ಅಂದಿದ್ದೆಲ್ಲ ಅರ್ಧ ನೋಡಿದ್ದು" ಎಂದರು.

ಎಂಜಿನಿಯರ್ ಒಂದು ದಾರಿ ತೋರಿಸಿದರು. ಗೋಡೌನಿನಲ್ಲಿರುವ ಒಂದು ಹಳೆಯ ಕಂಪ್ಯೂಟರಿಗೆ ಹಳೆಯ ವರ್ಷನ್ ಹಾಕಿ ಮೂಲೆಯಲ್ಲಿಟ್ಟರೆ, ಇವರು ಅದರಲ್ಲಿ ಮೊದಲಿನಂತೆ ಪ್ರೂಫ್ ನೋಡಬಹುದು. ಆಮೇಲೆ ಕನ್ವರ್ಟ್ ಮಾಡಿಕೊಂಡರಾಯಿತು. ಟು ಬಿ ಫ್ರ್ಯಾಂಕ್, ನನಗೆ ಅದು ತುಂಬ ಹಿಡಿಸಿತು. ಎಲ್ಲವೂ ಮೊದಲಿನಂತೆ ಆಗುತ್ತಿತ್ತು. ಒಂದು ಬೆಳಗ್ಗೆ ಪೂರ್ತಿ ಅದನ್ನೇ ಯೋಚಿಸಿದೆ. ಆದರೆ ಪ್ರೊಸೀಜರ್ ಎಂದ ಮೇಲೆ ಪ್ರೂಫ್ ಕೊನೆಯ ಹೆಜ್ಜೆ. ಪ್ರೂಫ್ ಆದ ಮೇಲೆ ಕನ್ವರ್ಟರ್ ಕೈಯಾಡಿಸಿದರೆ ನೋಡಿದ್ದು ನೋಡದ್ದಾಗುತ್ತದೆ. ನೀರು ಮತ್ತೆ ಊಳಿಡುತ್ತದೆ.

ಹಾಗಾಗಿ ಕನ್ವರ್ಷನ್ನನ್ನೇ ಕೈಬಿಡಲು ನಿರ್ಧರಿಸಿದೆ. ನಮ್ಮ ಹಳೆಯ ಪತ್ರಿಕೆಗಳ ಫೈಲುಗಳನ್ನು ಮುಟ್ಟುವುದೇ ಇಲ್ಲ. ಎಲ್ಲವನ್ನೂ ಹೊಸದಾಗಿ, ಖಾಲಿ ಪುಟದಿಂದ ಟೈಪ್ ಮಾಡುವುದು. ಡಬ್ಬಿ ಇಲ್ಲ, ಚೌಕಟ್ಟಿಲ್ಲ, ತೇಲುವ ಯಾವುದೂ ಇಲ್ಲ. ಒಂದು ಪ್ರಶ್ನೆಗೆ ಒಂದು ಪ್ಯಾರಾ. ಟೈಪ್ ಮಾಡುವವರು ಅವರು, ಓದಿ ಹೇಳುವವಳು ನಾನು.

ಸೆಕ್ರೆಟರಿಗೆ ಫೋನ್ ಮಾಡಿ ಇದನ್ನು ಹೇಳಿದೆ. "ಇಷ್ಟು ವರ್ಷದ ಪತ್ರಿಕೆ ಬಿಸಾಕ್ತೀರಾ?"

"ಬಿಸಾಕಲ್ಲ ಸರ್. ಮುಟ್ಟಲ್ಲ."

"ಟೈಮಿಗೆ ಆಗ್ದೆ ಓದ್ರೆ?"

"ಆಗದೆ ಹೋದರೆ ನೀವು ಹೇಳಿದ ಹಾಗೆ, ಮದ್ದೂರು."

ಈ ಮಾತನ್ನು ನಾನು ನಮ್ಮ ಪ್ರೂಫ್ ರೀಡರ್ ಎದುರಿಗೇ ಆಡಿದೆ. ಅವರು ತಲೆ ಅಲ್ಲಾಡಿಸಿ, "ಸುರು ಮಾಡಿ ಮಿಸ್" ಎಂದರು.

ಅದೃಷ್ಟಕ್ಕೆ ಕೀಬೋರ್ಡಿನಲ್ಲಿ ಕನ್ನಡದ ಕೀಲಿಗಳ ಜಾಗ ಬದಲಾಗಿರಲಿಲ್ಲ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಟೀಚರುಗಳಿಂದ ಹೊಸದಾಗಿ ಬರೆಸಿಕೊಂಡ ಕೈಬರಹದ ಪ್ರತಿಗಳನ್ನು ತಗ್ಗಿದ ದನಿಯಲ್ಲಿ ಓದುತ್ತಿದ್ದೆ. ಮೊದಲ ದಿನವೇ ಬೈಸಿಕೊಂಡೆ.

"ಮಿಸ್, ಕಾನ್ವೆಂಟ್ ಕನ್ನಡ ಓದ್ಬ್ಯಾಡಿ. ಎಲ್ಲಿ ನಿಂತದೆ, ಎಲ್ಲಿ ಸುರುವಾಯ್ತದೆ ಒಂದೂ ತಿಳಿಯಕಿಲ್ಲ. ಪುಲ್‌ಸ್ಟಾಪು ಎಲ್ಲದೆ ಏಳಿ."

ಹೇಳಿದೆ. ಕಾಮಾ, ಫುಲ್‌ಸ್ಟಾಪ್, ಪ್ರಶ್ನಾರ್ಥಕ, ಬ್ರ್ಯಾಕೆಟ್ ಓಪನ್, ಬ್ರ್ಯಾಕೆಟ್ ಕ್ಲೋಸ್. ಚಿಕ್ಕಂದಿನಲ್ಲಿ ಸಿಸ್ಟರ್ ನಮಗೆ ಡಿಕ್ಟೇಶನ್ ಕೊಡುತ್ತಿದ್ದ ಧಾಟಿ ನನ್ನ ಗಂಟಲಿಗೆ ತಾನಾಗಿ ಬಂತು.

ನಾನು ಎದುರುನೋಡಿರದ ಒಂದು ಲಾಭ ಕೆಲವು ದಿನಗಳಲ್ಲಿ ಕಾಣಿಸಿತು. ಅವರು ಒಂದು ಪದ ಟೈಪ್ ಮಾಡಿ ಸ್ಪೇಸ್ ಒತ್ತಿದ ಕೂಡಲೇ ಆ ಪದವನ್ನು ದನಿ ಹೇಳುತ್ತದೆ. ಏನು ಹೊಡೆದೆ ಎಂದು ಬೆರಳಿಗೆ ಮೊದಲೇ ಗೊತ್ತಿರುವುದರಿಂದ, ಈ ದನಿ ಯಾವುದನ್ನು ಹೇಗೆ ಹೇಳುತ್ತದೆ ಎಂದು ಕಿವಿ ಕಲಿಯತೊಡಗಿತು. ದೀರ್ಘವನ್ನು ಅವಳು ಅಷ್ಟಾಗಿ ಎಳೆಯುವುದಿಲ್ಲ. ಎರಡು ಸ್ಪೇಸ್ ಬಿದ್ದರೆ ಕೂದಲೆಳೆಯಷ್ಟು ತಡೆಯುತ್ತಾಳೆ. ಕನ್ನಡದ ನಡುವೆ ಇಂಗ್ಲಿಷ್ ಬಂದರೆ ಅವಳ ಗಂಟಲೇ ಬದಲಾಗುತ್ತದೆ. ಇವನ್ನೆಲ್ಲ ಅವರು ನನಗೆ ವರದಿ ಮಾಡುತ್ತಿದ್ದರು, ಹೊಸದಾಗಿ ಬಂದ ಸೊಸೆಯ ಗುಣ ವಿವರಿಸುವ ಹಾಗೆ. ಎರಡು ದಿನಕ್ಕೊಮ್ಮೆ ವೇಗವನ್ನು ಒಂದು ಮೆಟ್ಟಿಲು ಏರಿಸಿದರು. ಕೊನೆಕೊನೆಗೆ ಇಯರ್‌ಫೋನಿನಿಂದ ಹೊರಗೆ ಸೋರುತ್ತಿದ್ದದ್ದು ಸೊಳ್ಳೆಯ ಗುಂಯ್ ಅಷ್ಟೇ.

ಗಣಿತದಲ್ಲಿ ಇನ್ನೊಂದು ಆಯಿತು. ಹೊಸ ವರ್ಷನ್ನಿನಲ್ಲಿ ವರ್ಗಮೂಲವನ್ನು ಚಿತ್ರದ ಮೇಲೆ ಕ್ಲಿಕ್ ಮಾಡಿಯೇ ಬರೆಯಬೇಕೆಂದಿಲ್ಲ, ಅದರ ಇಂಗ್ಲಿಷ್ ಹೆಸರನ್ನು ಟೈಪ್ ಮಾಡಿದರೆ ಚಿಹ್ನೆ ತಾನಾಗಿ ಮೂಡುತ್ತದೆ ಎಂದು ಎಂಜಿನಿಯರ್ ಹೇಳಿಕೊಟ್ಟರು. ಹಳೆಯ ಎಡಿಟರ್ ಮೌಸಿಲ್ಲದೆ ನಡೆಯುತ್ತಿರಲಿಲ್ಲ. ಆದ್ದರಿಂದ ಗಣಿತದ ಪತ್ರಿಕೆಗಳು ಯಾವತ್ತೂ ಅವರ ಕೈಗೆ ಬಂದಿರಲಿಲ್ಲ. ಒಂಬತ್ತನೆಯ ತರಗತಿಯ ಮೊದಲ ಸಮೀಕರಣ ಹೊಡೆದು, "ಬಂತಾ ಮಿಸ್?" ಎಂದರು. ಬಂದಿತ್ತು. "ಮೇಲೆ ಸೂರು ಅದಾ ಅದಕ್ಕೆ?" ಎಂದು ಕೇಳಿದರು. ಅದೆ ಎಂದೆ. ಬೇಡದಿದ್ದರೂ ಇನ್ನೊಂದು ಹೊಡೆದು, ಆಮೇಲೆ ಅಳಿಸಿದರು.

ನಡುವೆ ಒಂದು ದಿನ ಸಮಾಜ ವಿಜ್ಞಾನದ ಪತ್ರಿಕೆ ಸೇವ್ ಆಗದೆ ಹೋಯಿತು. ಹೊಸ ವರ್ಷನ್ ಅದನ್ನು ನೆಟ್ಟಿನ ಮೇಲೆ ಎಲ್ಲೋ ಇಟ್ಟಿತ್ತು, ಅಂದು ನೆಟ್ ಇರಲಿಲ್ಲ. ಮತ್ತೆ ಓದಿದೆ, ಅವರು ಮತ್ತೆ ಹೊಡೆದರು.

ಪತ್ರಿಕೆಗಳು ಟೈಮಿಗೆ ಹೋದವು. ಪರೀಕ್ಷೆ ನಡೆದಷ್ಟು ದಿನವೂ ಮೊದಲ ಬೆಲ್ಲಿನ ಹೊತ್ತಿಗೆ ನಾವಿಬ್ಬರೂ ಫೋನಿನ ಹತ್ತಿರ ಇರುತ್ತಿದ್ದೆವು. ಮಳವಳ್ಳಿಯಿಂದ ಫೋನ್ ಬಂದದ್ದು ಒಮ್ಮೆ ಮಾತ್ರ, ಎರಡು ಪ್ರತಿ ಕಮ್ಮಿ ಬಂದಿವೆ ಎಂದು. ಅದು ಜೆರಾಕ್ಸಿನವರ ಲೆಕ್ಕ, ನಮ್ಮದಲ್ಲ.

ಸೆಕ್ರೆಟರಿ ಮಾತಿಗೆ ತಪ್ಪುವವರಲ್ಲ. ಕಾಂಟ್ರಾಕ್ಟ್ ಮುಂದುವರಿಸಿದರು, ಪ್ರೂಫ್ ರೀಡರ್ ಎಂದೇ. ಆ ಕಾಗದವನ್ನು ಅವರಿಗೆ ಓದಿ ಹೇಳಿದವಳು ನಾನು. ಮದ್ದೂರು ಎನ್ನುವ ಹೆಸರು ಅದರಲ್ಲಿ ಎಲ್ಲೂ ಇಲ್ಲ ಎಂದು ಎರಡು ಸಲ ಖಾತ್ರಿ ಮಾಡಿಕೊಂಡರು. ಬಳಿಕ ಸೆಕ್ರೆಟರಿ ನನ್ನನ್ನು ತಮ್ಮ ರೂಮಿಗೆ ಕರೆದು ಕಾಫಿ ತರಿಸಿದರು.

"ಮಿಸ್ಸು, ಯಾವ ಪತ್ರಿಕೆ ಎಲ್ಲದೆ, ಯಾವ ಪೈಲು ಎಂಗ್ ತೆಗೀಬೇಕು, ನಿಮಗೊಬ್ರಿಗೇ ಗೊತ್ತಿದ್ದಿದ್ದು. ಅದಕ್ಕೇ ಈ ವಯಸ್ಸಲ್ಲೂ ನಿಮಗೆ ತೊಂದ್ರೆ ಕೊಟ್ಕಂಡ್ ಬಂದ್ವಿ. ಈಗ ಆ ಪೈಲುಗಳೇ ಬ್ಯಾಡ ಅಂತ ನೀವೇ ಮಾಡಿದ್ರಿ. ಇನ್ನು ರೆಸ್ಟ್ ತಗಳಿ."

ಲಾಜಿಕ್ ಪರ್ಫೆಕ್ಟ್ ಆಗಿತ್ತು. ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು, ಕುಡಿದೆ.

ಬೀರುವಿನ ಕೀಲಿಗಳನ್ನು ಒಪ್ಪಿಸುವ ದಿನ ನಮ್ಮ ಪ್ರೂಫ್ ರೀಡರ್ ಎದ್ದು ನಿಂತರು. "ನಿಮ್ಮನ್ ಕಳ್ಸಾಕೆ ನಾನೇ ಟೈಪ್ ಮಾಡ್ದಂಗಾಯ್ತಲ್ಲ ಮಿಸ್" ಎಂದರು.

"ಡೋಂಟ್ ಬಿ ಸಿಲ್ಲಿ. ಓದಿ ಹೇಳಿದವಳು ನಾನು" ಎಂದೆ.

ಹೊಸ ಇನ್‌ಚಾರ್ಜ್ ಯಾರೋ ಬಂದರಂತೆ. ನಾನು ಆ ಕಡೆ ಹೋಗಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಮುಂದಿನ ವರ್ಷ, ಪರೀಕ್ಷೆಯ ಸೀಸನ್ನಿನಲ್ಲೇ. ಮದ್ದೂರಿನಲ್ಲಿರುವ ತಂಗಿಯ ಮನೆಗೆಂದು ಮಂಡ್ಯದಲ್ಲಿ ಬಸ್ ಹತ್ತಿದ್ದೆ. ಮುಂಬಾಗಿಲ ಪಕ್ಕದ ಸೀಟಿನಲ್ಲಿ ಅವರು ಕೂತಿದ್ದರು, ಊರಿಗೆ ವಾಪಸ್ ಹೋಗುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮಾತಾಡಿಸೋಣ ಎನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು. ಯಾವುದೋ ಶಾಲೆಯ ಟೀಚರ್ ಇರಬೇಕು, ಪತ್ರಿಕೆ ಓದಿ ಒಪ್ಪಿಸುತ್ತಿದ್ದರು. ಅವರು ಕಿವಿಗೆ ಒತ್ತಿ ಹಿಡಿದು ಕೇಳುತ್ತ, "ಊಂ", "ಐದನೇದು ಇನ್ನೊಂದ್ ಸಲ", "ಅದು ಬ್ಯಾಡ, ತೆಗೀರಿ" ಎನ್ನುತ್ತಿದ್ದರು. ದನಿಯಲ್ಲಿ ಅನುಮಾನ ಇರಲಿಲ್ಲ. ದಾರಿಯುದ್ದಕ್ಕೂ ಅದು ಮುಗಿಯಲಿಲ್ಲ. ಕೆಲಸದ ನಡುವೆ ಮಾತಾಡಿಸುವುದು ಸರಿಯಲ್ಲ ಎಂದು ನಾನೂ ಸುಮ್ಮನಿದ್ದೆ.

ಮದ್ದೂರು ಬಂತು. ಬಾಗಿಲಿಗೆ ಹೋಗಲು ಅವರ ಸೀಟನ್ನು ದಾಟಬೇಕು. ಕಂಬಿ ಹಿಡಿದಾಗ ಬಳೆ ಸದ್ದಾಯಿತು. ಒಂದೊಂದೇ ಹೆಜ್ಜೆ ಇಡುತ್ತ ಬಂದೆ. ಅವರು ಮೊಣಕಾಲು ಒಳಗೆಳೆದುಕೊಂಡು, ಫೋನಿಗೆ ಕೈ ಅಡ್ಡ ಹಿಡಿದು, "ಬೇಗ ಇಳ್ಕಳಿ ತಾಯಿ, ಬಸ್ಸು ನಿಲ್ಲಾಕಿಲ್ಲ" ಎಂದರು.

ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ದನಿಯಿಂದಲೇ ನಾನೆಂದು ಅವರಿಗೆ ತಿಳಿದುಬಿಡುತ್ತಿತ್ತು. ಕೊನೆಯ ಮೆಟ್ಟಿಲಿಗೆ ಬಂದಾಗ ಮೇಲಿನಿಂದ ಅವರ ದನಿ ಕೇಳಿಸಿತು.

"ಏನಿಲ್ಲ ಮೇಡಂ, ಯಾರೋ ವಯಸ್ಸಾದೋರು ಇಳೀತಾವ್ರೆ. ನೀವು ಓದಿ."